ಒಂಟಿಕೊಂಬಿನ ಮೃಗವೂ ಮಾತೆಯ ಸಮ್ಮತಿಯೂ

(ಮಂಗಳವಾರ್ತೆಯ ಮಹೋತ್ಸವದಂದು ಮರಿಯಮ್ಮನಹಳ್ಳಿಯಲ್ಲಿ ನೀಡಿದ ಪ್ರಬೋಧನೆ)



ಈ ಊರಿನ ಹೆಸರು ನಮ್ಮ ಮಾತೆಯಿಂದಲೇ ಬಂದದ್ದೆಂದು ನಾವು ಹೇಳುವುದಿಲ್ಲ. ಆದರೂ ಮಾರ್ಚ್ 25ರ ಈ ಹಬ್ಬದಂದು ‘ಮರಿಯಮ್ಮನಹಳ್ಳಿ’ ಎಂದು ಉಚ್ಚರಿಸುವಾಗ ಮನಸ್ಸು ತಾನಾಗಿಯೇ ನಜರೇತಿಗೆ ಹೋಗುತ್ತದೆ. ಅದೂ ಒಂದು ಹಳ್ಳಿಯೇ. ಅಲ್ಲಿನ ಒಬ್ಬ ಹೆಣ್ಣುಮಗಳ ಉತ್ತರಕ್ಕಾಗಿ ಪರಲೋಕವೇ ಕಾದು ನಿಂತ ದಿನ ಇದು.

ನಮ್ಮ ಮಕ್ಕಳ ಶಾಲಾಚೀಲ, ಪೆನ್ಸಿಲ್ ಡಬ್ಬಿಗಳ ಮೇಲೆ ಹಣೆಯಲ್ಲಿ ಒಂದೇ ಕೊಂಬಿರುವ ಬಿಳಿ ಕುದುರೆಯ ಚಿತ್ರವನ್ನು ನಾವೆಲ್ಲ ನೋಡಿದ್ದೇವೆ. ಮಕ್ಕಳು ಅದನ್ನು ಯೂನಿಕಾರ್ನ್ ಎನ್ನುತ್ತಾರೆ. ಆಟಿಕೆಯ ಪ್ರಾಣಿ ಎಂದು ನಾವು ಸುಮ್ಮನಾಗುತ್ತೇವೆ. ಆದರೆ ಐದುನೂರು ವರ್ಷಗಳ ಹಿಂದೆ ಯೂರೋಪಿನ ದೇವಾಲಯಗಳಲ್ಲಿ ಇಂದಿನ ಹಬ್ಬದ ರಹಸ್ಯವನ್ನು ತಿಳಿಸಲು ಇದೇ ಪ್ರಾಣಿಯನ್ನು ಚಿತ್ರಿಸುತ್ತಿದ್ದರು.

ಕಾಡಿನಲ್ಲಿಲ್ಲದ ಪ್ರಾಣಿ ಕಲೆಯಲ್ಲಿರುವುದು ನಮಗೆ ಹೊಸದೇನಲ್ಲ. ಹಂಪಿಯ ವಿಜಯ ವಿಠ್ಠಲ ದೇವಾಲಯದ ಕಂಬಗಳಲ್ಲಿ ಮುಂಗಾಲೆತ್ತಿ ನಿಂತ ಯಾಳಿಗಳನ್ನು ನೋಡಿದ್ದೇವೆ. ಅಂಥ ಪ್ರಾಣಿಯನ್ನು ಯಾರೂ ಕಂಡಿಲ್ಲ. ಆದರೂ ಅದನ್ನು ನೋಡಿದವರಿಗೆ ಶಕ್ತಿ ಎಂದರೇನೆಂದು ತಿಳಿಯುತ್ತದೆ. ಒಂಟಿಕೊಂಬಿನ ಮೃಗವೂ ಹಾಗೆಯೇ ಒಂದು ಸಂಕೇತ.

ಬೈಬಲಿಗೆ ಅದು ಬಂದದ್ದು ಅನುವಾದದ ದಾರಿಯಿಂದ. ಹೀಬ್ರೂ ಮೂಲದ ‘ರೆಏಮ್’ ಎಂದರೆ ಬಲಿಷ್ಠವಾದ ಕಾಡೆತ್ತು. ಕ್ರಿಸ್ತಪೂರ್ವದಲ್ಲಿ ಅದನ್ನು ಗ್ರೀಕ್ ಭಾಷೆಗೆ ತಂದವರು ಒಂಟಿಕೊಂಬಿನ ಪ್ರಾಣಿ ಎಂದು ಬರೆದರು. ಬಳಿಕ ಆದಿ ಕ್ರೈಸ್ತರ ‘ಫಿಸಿಯೊಲೊಗುಸ್’ ಎಂಬ ಗ್ರಂಥದಲ್ಲಿ ಅದರ ಕಥೆ ಬೆಳೆಯಿತು. ಈ ಮೃಗವನ್ನು ಯಾವ ಬೇಟೆಗಾರನೂ ಬಲದಿಂದ ಹಿಡಿಯಲಾರ. ಆದರೆ ಕನ್ಯೆಯೊಬ್ಬಳನ್ನು ಕಾಡಿನಲ್ಲಿ ಕೂರಿಸಿದರೆ ಅದು ತಾನೇ ಬಂದು ಆಕೆಯ ಮಡಿಲು ಸೇರುತ್ತದೆ. ಆಗ ಅದನ್ನು ಹಿಡಿಯುತ್ತಾರೆ. ಕನ್ಯಾಮಾತೆಯ ಉದರಕ್ಕೆ ಇಳಿದು ಬಂದ ದೇವಸುತನೇ ಈ ಮೃಗವೆಂದು ಆ ಕಾಲದವರು ಅರ್ಥ ಹೇಳಿದರು.

ನಮ್ಮ ನಾಡಿನಲ್ಲಿಯೂ ಇದಕ್ಕೆ ಹತ್ತಿರವಾದ ಕಥೆಯಿದೆ. ಶೃಂಗೇರಿಯ ಬಳಿಯ ಕಿಗ್ಗದಲ್ಲಿ ಋಷ್ಯಶೃಂಗ ಮುನಿಯ ಹೆಸರಿನ ಗುಡಿಯಿದೆ. ತಲೆಯ ಮೇಲೆ ಕೊಂಬಿದ್ದ, ಹೆಣ್ಣನ್ನೇ ಕಾಣದೆ ಕಾಡಿನಲ್ಲಿ ಬೆಳೆದ ಮುನಿ ಅವರು. ಬರಗಾಲ ಬಂದಾಗ ಅಂಗದೇಶದ ಅರಸ ಹೆಂಗಸರನ್ನು ಕಳುಹಿಸಿ, ಮರುಳು ಮಾಡಿ ಅವರನ್ನು ಕರೆಸಿಕೊಂಡ, ಮಳೆಯೂ ಬಂತು. ಎರಡು ಕಥೆಗಳಲ್ಲಿಯೂ ಒಂದು ಮಾತನ್ನು ಗಮನಿಸಿ. ಒಳ್ಳೆಯದು ದೊರೆತದ್ದು ನಿಜ, ಆದರೆ ನಂಬಿ ಬಂದವರನ್ನು ಮೋಸಗೊಳಿಸಿ ದೊರೆಯಿತು. ಹೆಣ್ಣನ್ನು ಎರೆಯಾಗಿ ಮುಂದಿಟ್ಟರು.

ಫ್ರಾನ್ಸಿನ ಕೊಲ್ಮಾರ್ ಪಟ್ಟಣದ ವಸ್ತುಸಂಗ್ರಹಾಲಯದಲ್ಲಿ ಸುಮಾರು 1480ರ ಪೀಠಚಿತ್ರವೊಂದಿದೆ. ಕಲಾವಿದ ಮಾರ್ಟಿನ್ ಶೋನ್‌ಗೌವರ್ ಅವರ ಶಿಷ್ಯವರ್ಗ ಬರೆದದ್ದು. ಅದರಲ್ಲಿ ಮಾತೆ ಮುಚ್ಚಿದ ತೋಟದೊಳಗೆ ಕುಳಿತಿದ್ದಾರೆ, ಒಂಟಿಕೊಂಬಿನ ಮೃಗ ಮಡಿಲಿಗೆ ಬಂದಿದೆ. ದೂತ ಗಬ್ರಿಯೇಲನು ಬೇಟೆಗಾರನಾಗಿ ನಾಯಿಗಳೊಂದಿಗೆ ಬರುತ್ತಿದ್ದಾನೆ. ಇಂಥ ಚಿತ್ರಗಳಲ್ಲಿ ಆ ನಾಯಿಗಳಿಗೆ ಕರುಣೆ, ಸತ್ಯ, ನ್ಯಾಯ, ಶಾಂತಿ ಎಂದು 85ನೆಯ ಕೀರ್ತನೆಯಿಂದ ಹೆಸರು ಕೊಟ್ಟಿದ್ದರು. ದೇವಸುತನನ್ನು ಭೂಮಿಗೆ ಕರೆತಂದದ್ದು ಈ ನಾಲ್ಕು ಗುಣಗಳೇ ಎಂಬುದು ಅದರ ಭಾವ. ಭಾವ ಸುಂದರವಾಗಿದೆ. ಆದರೆ ಪವಿತ್ರ ಚಿತ್ರಗಳು ಸಾಮಾನ್ಯ ಜನರನ್ನು ತಪ್ಪು ತಿಳಿವಳಿಕೆಗೆ ಒಯ್ಯಬಾರದೆಂದು 1563ರಲ್ಲಿ ಟ್ರೆಂಟ್ ಮಹಾಸಭೆ ಎಚ್ಚರಿಸಿತು. ಅಲ್ಲಿಂದ ಮುಂದೆ ಈ ಬೇಟೆಯ ಚಿತ್ರ ಮರೆಯಾಗುತ್ತ ಬಂತು.

ಆ ಚಿತ್ರವನ್ನು ಸಂತ ಲೂಕರ ಶುಭಸಂದೇಶದ ಪಕ್ಕದಲ್ಲಿಟ್ಟು ನೋಡೋಣ. ಶುಭಸಂದೇಶದಲ್ಲಿ ಬೇಟೆಯಿಲ್ಲ, ಬಲೆಯಿಲ್ಲ. ದೂತನು ಮೊದಲು ವಂದಿಸುತ್ತಾನೆ. ಆಕೆ ಹೆದರಿದಾಗ ಧೈರ್ಯ ಹೇಳುತ್ತಾನೆ. ಇದು ಹೇಗಾದೀತು ಎಂದು ಆಕೆ ಪ್ರಶ್ನಿಸಿದರೆ ಗದರಿಸುವುದಿಲ್ಲ, ವಿವರಿಸುತ್ತಾನೆ. ಆಕೆ ಒಪ್ಪಿದ ಮೇಲೆಯೇ ಹೊರಡುತ್ತಾನೆ. ಹನ್ನೆರಡನೆಯ ಶತಮಾನದ ಸಂತ ಬರ್ನಾರ್ಡರು ತಮ್ಮ ಪ್ರಬೋಧನೆಯೊಂದರಲ್ಲಿ, ಆದಾಮನಿಂದ ಹಿಡಿದು ಇಡೀ ಲೋಕವೇ ಮಾತೆಯ ಉತ್ತರಕ್ಕಾಗಿ ಕಾಯುತ್ತಿದೆಯೆಂದು ಕಲ್ಪಿಸಿದ್ದಾರೆ. ಸರ್ವಶಕ್ತನು ಅಪ್ಪಣೆ ಮಾಡಬಹುದಾಗಿತ್ತು. ಆತ ಕೇಳಿದ, ಕಾದ.

ಪ್ರಿಯರೇ, ದೇವರು ಕೇಳಿದ್ದನ್ನು ನಾವು ನಮ್ಮ ಮನೆಗಳಲ್ಲಿ ಕೇಳುತ್ತೇವೆಯೇ? ಸೋದರಮಾವನಿಗೇ ಕೊಡಬೇಕೆಂದು ತೊಟ್ಟಿಲಲ್ಲೇ ಮಾತಾಗಿರುತ್ತದೆ. ಹತ್ತನೆಯ ತರಗತಿ ಮುಗಿಯುವ ಮೊದಲೇ ಗಂಡು ನೋಡಿ ಬಂದಿರುತ್ತೇವೆ. ದಿನ ಗೊತ್ತಾದ ಮೇಲೆ ಮಗಳಿಗೆ ತಿಳಿಸುತ್ತೇವೆ. ಹದಿನೆಂಟು ತುಂಬದ ಹುಡುಗಿಯ ಮದುವೆಯನ್ನು ದೇಶದ ಕಾನೂನು ಒಪ್ಪುವುದಿಲ್ಲ. ವಿವಾಹವನ್ನು ಉಂಟುಮಾಡುವುದು ವಧೂವರರ ಸಮ್ಮತಿಯೇ, ಅದನ್ನು ಬೇರೆ ಯಾರೂ ಅವರ ಪರವಾಗಿ ಕೊಡಲಾರರು ಎಂದು 1983ರ ಧರ್ಮಸಭೆಯ ಕಾನೂನು ಸಂಹಿತೆಯ 1057ನೆಯ ವಿಧಿ ಹೇಳುತ್ತದೆ. ಬೆದರಿಕೆಯಿಂದ ಪಡೆದ ಒಪ್ಪಿಗೆ ಒಪ್ಪಿಗೆಯೇ ಅಲ್ಲ.

ಈ ಮಾತು ಬಲಿಪೀಠದ ಈಚೆ ನಿಂತ ನಮಗೂ ಸೇರಿದ್ದು. ಮದುವೆಗೆ ಮುನ್ನ ವಿಚಾರಿಸುವಾಗ ಹುಡುಗಿ ‘ಹೌದು ಫಾದರ್’ ಎನ್ನುತ್ತಾಳೆ. ಕಣ್ಣು ಮಾತ್ರ ಬಾಗಿಲ ಬಳಿ ನಿಂತ ತಂದೆಯ ಕಡೆಗಿರುತ್ತದೆ. ಅದನ್ನು ಕಂಡೂ ಬರೆದುಕೊಂಡು ಮುಂದೆ ಹೋದದ್ದುಂಟು. ಆ ದಿನ ನಾವು ಕಾಯಲಿಲ್ಲ. ಈ ತಪಸ್ಸು ಕಾಲದಲ್ಲಿ ಅದಕ್ಕಾಗಿ ದೇವರ ಕ್ಷಮೆ ಬೇಡುತ್ತೇವೆ.

ಮಕ್ಕಳು ನಂಬಿಕೆಯಿಂದಲೇ ನಮ್ಮ ಮಡಿಲಿಗೆ ಬರುತ್ತಾರೆ. ಆ ನಂಬಿಕೆಯನ್ನು ಬಲೆ ಮಾಡಿಕೊಳ್ಳುವುದು ಬೇಡ. ಇಂದು ಹಬ್ಬದ ಊಟ ಮುಗಿದ ಮೇಲೆ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ‘ನಿನ್ನ ಮನಸ್ಸಿನಲ್ಲೇನಿದೆ, ತಾಯಿ?’ ಎಂದು ಕೇಳೋಣ. ಕೇಳಿದ ಮೇಲೆ ಕಾಯೋಣ. ಆಕೆ ‘ಇಲ್ಲ’ ಎಂದರೆ ಅದನ್ನೂ ಕೇಳಿಸಿಕೊಳ್ಳೋಣ.

ತನ್ನ ಸೇವಕಿಯ ಉತ್ತರಕ್ಕಾಗಿ ಕಾದ ದೇವರು ನಮಗೆ ಆ ತಾಳ್ಮೆಯನ್ನು ದಯಪಾಲಿಸಲಿ. ಮಾತೆ ಮರಿಯಮ್ಮನವರು ನಮ್ಮ ಹೆಣ್ಣುಮಕ್ಕಳಿಗಾಗಿ ಪ್ರಾರ್ಥಿಸಲಿ. ಆಮೆನ್.