ಹಿಡಿಯ ಎಂಟು ಮುಖಗಳು



ಟೆನ್ನಿಸ್ ಆಡುವ ಮಕ್ಕಳನ್ನು ನೋಡುತ್ತ ನಿಂತರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಬಲಕ್ಕೆ ಬಂದ ಚೆಂಡನ್ನು ಸೊಗಸಾಗಿ ಹೊಡೆದ ಹುಡುಗನೇ ಎಡಕ್ಕೆ ಬಂದುದನ್ನು ಆಕಾಶಕ್ಕೆ ತೂರುತ್ತಾನೆ. ದೋಷ ಅನೇಕ ವೇಳೆ ಕಣ್ಣಿನದಲ್ಲ, ಕಾಲಿನದಲ್ಲ, ಹಿಡಿತದ್ದು.

ರ್ಯಾಕೆಟ್ಟಿನ ಹಿಡಿ ಉರುಟಾಗಿಲ್ಲ. ಅದಕ್ಕೆ ಎಂಟು ಮುಖಗಳಿವೆ. ತಂತಿಯ ಚೌಕಟ್ಟನ್ನು ನೆಲಕ್ಕೆ ಲಂಬವಾಗಿ ನಿಲ್ಲಿಸಿ, ಹಿಡಿಯ ತುದಿಯ ಕಡೆಯಿಂದ ನೋಡಿರಿ. ಮೇಲಿನ ಮುಖ 1ನೆಯದು. ಬಲಗೈಯವರು ಅಲ್ಲಿಂದ ಬಲಕ್ಕೆ ಎಣಿಸುತ್ತ ಇಳಿಯಬೇಕು, ಎಡಗೈಯವರು ಎಡಕ್ಕೆ. ತೋರುಬೆರಳಿನ ಬುಡದ ಗೆಣ್ಣು 2ನೆಯ ಮುಖದ ಮೇಲೆ ಕೂತರೆ ಕಾಂಟಿನೆಂಟಲ್ ಹಿಡಿತ, 3ನೆಯದಾದರೆ ಈಸ್ಟರ್ನ್, 4ನೆಯದಾದರೆ ಸೆಮಿ-ವೆಸ್ಟರ್ನ್, 5ನೆಯದಾದರೆ ವೆಸ್ಟರ್ನ್.

ಈ ಹೆಸರುಗಳ ಹಿಂದೆ ನೆಲದ ಗುಣವಿದೆ. ಅಮೆರಿಕದ ಪೂರ್ವಭಾಗದ ಹುಲ್ಲಿನಂಗಳಗಳಲ್ಲಿ ಚೆಂಡು ತಗ್ಗಾಗಿ ಪುಟಿಯುತ್ತಿತ್ತು. ಪಶ್ಚಿಮದ ಕ್ಯಾಲಿಫೋರ್ನಿಯದ ಸಿಮೆಂಟಿನ ಅಂಗಳದಲ್ಲಿ ಎತ್ತರಕ್ಕೆ ನೆಗೆಯುತ್ತಿತ್ತು. ಅಲ್ಲಿನ ಬಿಲ್ ಜಾನ್‌ಸ್ಟನ್ ಗಿಡ್ಡ ಆಳು; ವೆಸ್ಟರ್ನ್ ಹಿಡಿತದಿಂದ ಎತ್ತರದ ಚೆಂಡನ್ನು ಬಡಿಯುವುದರಲ್ಲಿ ನಿಪುಣ. ಆ ಹಿಡಿತವನ್ನು ಹುಲ್ಲಿಗೂ ಕೊಂಡೊಯ್ದು 1923ರಲ್ಲಿ ವಿಂಬಲ್ಡನ್ ಗೆದ್ದ.

ಹಾಗಾದರೆ ಹೊಸಬರು ಯಾವುದನ್ನು ಆರಿಸಬೇಕು? ಫೋರ್‌ಹ್ಯಾಂಡಿಗೆ ಈಸ್ಟರ್ನ್‌ನಿಂದ ತೊಡಗುವುದು ಕ್ಷೇಮ. ಅದು ಕೈಕುಲುಕಿದಷ್ಟು ಸಹಜ. ಚೆಂಡು ಪದೇ ಪದೇ ಭುಜದೆತ್ತರಕ್ಕೆ ಬರುವುದಾದರೆ ಗೆಣ್ಣನ್ನು 4ನೆಯ ಮುಖಕ್ಕೆ ಇಳಿಸಬಹುದು. ಒಂಟಿಗೈ ಬ್ಯಾಕ್‌ಹ್ಯಾಂಡನ್ನು ಬಲವಾಗಿ ಹೊಡೆಯಲು 1ನೆಯ ಮುಖಕ್ಕೆ ಏರಬೇಕು. ಹಳೆಯ ಹಿಡಿತವನ್ನೇ ಉಳಿಸಿಕೊಂಡರೆ ತಂತಿಗಳು ಆಕಾಶ ನೋಡುತ್ತವೆ. ಅದನ್ನು ನೆಟ್ಟಗೆ ಮಾಡಹೋಗಿ ಮಣಿಕಟ್ಟು, ಮೊಣಕೈ ದಣಿಯುತ್ತವೆ. ಎರಡು ಕೈಯಿಂದ ಹೊಡೆಯುವವರಿಗೆ ಕೆಳಗಿನ ಕೈ ಕಾಂಟಿನೆಂಟಲ್, ಮೇಲಿನ ಕೈ ಈಸ್ಟರ್ನ್ ಇರುವುದು ವಾಡಿಕೆ.

ವ್ಯಾಕರಣದಲ್ಲಿ ಪ್ರಕೃತಿ ಒಂದೇ; ವಾಕ್ಯಕ್ಕೆ ತಕ್ಕಂತೆ ವಿಭಕ್ತಿ ಬೇರೆ. 'ಮರದಿಂದ' ಎನ್ನಬೇಕಾದಲ್ಲಿ 'ಮರವನ್ನು' ಎಂದರೆ ನಡೆದೀತೆ? ಇಲ್ಲಿಯೂ ಹಾಗೆಯೇ. ಚೆಂಡು ಎದುರಾಳಿಯ ಕಡೆಯಿಂದ ಹೊರಟೊಡನೆ, ಬಿಡುವಾಗಿರುವ ಕೈಯಿಂದ ರ್ಯಾಕೆಟ್ಟಿನ ಕೊರಳನ್ನು ಹಿಡಿದು ತಿರುಗಿಸಿಕೊಳ್ಳಬೇಕು.

ಒಂದು ತಪ್ಪೊಪ್ಪಿಗೆ. ಎಡಗೈಯ ಹುಡುಗಿಯೊಬ್ಬಳಿಗೆ ನಾನು ಬಲಗೈಯವರ ಲೆಕ್ಕವನ್ನೇ ಹೇಳಿಕೊಟ್ಟಿದ್ದೆ. ಹೊಡೆತ ಕೆಟ್ಟಾಗಲೆಲ್ಲ ಅವಳನ್ನೇ ಗದರಿದೆ. ತಿಂಗಳ ಮೇಲೆ ಅವಳೇ ಮೆಲ್ಲಗೆ ಕೇಳಿದಳು: "ಸಾರ್, ನಾನು ಆ ಕಡೆಯಿಂದ ಎಣಿಸಲೇ?" ಅಂದಿನಿಂದ ಹೊಡೆತವನ್ನು ಬಯ್ಯುವ ಮೊದಲು ಕೈಯನ್ನು ನೋಡುವುದನ್ನು ಕಲಿತೆ. ತಾವೂ ನೋಡುವಿರೆಂದು ನಂಬಿದ್ದೇನೆ.