ನಮ್ಮೂರು ಯಾವ ವರ್ಗಕ್ಕೆ ಸೇರಬೇಕು?



ಕನ್ನಡ ವಿಕಿಪೀಡಿಯ 2003ರಲ್ಲಿ ಶುರುವಾಯಿತು. ಯಾರು ಬೇಕಾದರೂ ಬರೆಯಬಹುದಾದ ವಿಶ್ವಕೋಶ ಅದು. ಅಲ್ಲಿ ಪ್ರತಿ ಲೇಖನದ ಕೊನೆಗೆ 'ವರ್ಗ' ಎಂದು ಸೇರಿಸುವ ಪದ್ಧತಿ ಇದೆ. ವರ್ಗ ಅಂದರೆ ಇಲ್ಲಿರುವ ಮೇಷ್ಟರುಗಳಿಗೆ ಟ್ರಾನ್ಸ್‌ಫರ್ ನೆನಪಾಗಬಹುದು. ಇದು ಅದಲ್ಲ, ಗ್ರಂಥಾಲಯದ ಕಪಾಟಿಗೆ ಅಂಟಿಸುವ ಚೀಟಿ ಇದ್ದ ಹಾಗೆ.

ಚೀಟಿಯ ಮೇಲೆ ಏನು ಬರೆಯಬೇಕು ಎಂಬುದೇ ಕಷ್ಟ. ಒಬ್ಬರು 'ಕೆಜಿಎಫ್' ಎಂದು, ಇನ್ನೊಬ್ಬರು ಚುಕ್ಕಿ ಹಾಕಿ 'ಕೆ.ಜಿ.ಎಫ್.' ಎಂದು, ಮತ್ತೊಬ್ಬರು 'ಕೋಲಾರ ಚಿನ್ನದ ಗಣಿ' ಎಂದು ಬರೆದರೆ ಕಂಪ್ಯೂಟರಿಗೆ ಅವು ಮೂರು ಬೇರೆ ಕಪಾಟುಗಳು. ಮಾರಿಕುಪ್ಪಂ ಒಂದರಲ್ಲಿ, ಊರಿಗಾಂ ಇನ್ನೊಂದರಲ್ಲಿ, ರಾಬರ್ಟ್‌ಸನ್‌ಪೇಟೆ ಮೂರನೆಯದರಲ್ಲಿ ಸೇರಿಬಿಡುತ್ತವೆ. ಆಮೇಲೆ ಹೆಸರು ಬದಲಿಸಬೇಕೆಂದರೆ ಒಂದೊಂದು ಪುಟದಲ್ಲೂ ತಿದ್ದಬೇಕು. ಸಾಲದ್ದಕ್ಕೆ 2018ರಲ್ಲಿ ಸಿನಿಮಾ ಬೇರೆ ಬಂತು! ಹಾಗಾಗಿ ಊರಿಗೆ ಸಂಬಂಧಿಸಿದ್ದಕ್ಕೆಲ್ಲ 'ಕೋಲಾರ ಚಿನ್ನದ ಗಣಿ ಪ್ರದೇಶ' ಎಂಬ ಪೂರ್ತಿ ಹೆಸರೇ ಇರಲಿ ಎನ್ನುವವನು ನಾನು.

ಬಹುವಚನದ ವಿಷಯವೂ ಇದೆ. 'ಗಣಿಗಳು' ಎಂಬ ವರ್ಗದಲ್ಲಿ ಒಂದೊಂದು ಗಣಿಯ ಪುಟ ಇರಬೇಕು: ಚಾಂಪಿಯನ್ ರೀಫ್, ನಂದಿದುರ್ಗ, ಮೈಸೂರು ಗಣಿ. 'ಗಣಿಗಾರಿಕೆ' ಎಂಬುದರಲ್ಲಿ ಆ ಕೆಲಸದ ಸಂಗತಿಗಳು: ಬಂಡೆ ಸಿಡಿತ, ಧೂಳಿನಿಂದ ಬರುವ ಸಿಲಿಕೋಸಿಸ್, ಸೈನೈಡ್ ದಿಬ್ಬಗಳು.

ನನಗೆ ಹೆಚ್ಚು ಮುಖ್ಯವಾದದ್ದು ಬೇರೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. 'ಮುಚ್ಚಿದ ಗಣಿಗಳು' ಎಂಬ ವರ್ಗ ಮಾಡಿ ಚಾಂಪಿಯನ್ ರೀಫ್ಸನ್ನು ಅದರೊಳಗೆ ಹಾಕುವುದು ಸುಲಭ. ತಪ್ಪೂ ಅಲ್ಲ. ಆದರೆ ಅಷ್ಟಕ್ಕೇ ಬಿಟ್ಟರೆ ಓದುವವನು ಇಲ್ಲಿ ಜನವೇ ಇಲ್ಲ ಅಂದುಕೊಳ್ಳುತ್ತಾನೆ. ಒಂದು ಪುಟ ಹಲವು ವರ್ಗಗಳಲ್ಲಿ ಇರಬಹುದು. ಹಾಗಾದರೆ 'ಕೋಲಾರ ಜಿಲ್ಲೆಯ ಊರುಗಳು' ಎಂಬುದೂ ಸೇರಲಿ. ಇದೇ ಗಣಿಯ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ 1965ರಲ್ಲಿ ವಾತಾವರಣದ ನ್ಯೂಟ್ರಿನೊಗಳನ್ನು ಪತ್ತೆ ಮಾಡಿದರು. ಅಂದಮೇಲೆ ಭೌತವಿಜ್ಞಾನದ ಕಪಾಟಿನಲ್ಲೂ ನಮಗೊಂದು ಜಾಗ ಇದೆ.

ಮಕ್ಕಳೇ, ಊಟ ಆದ ಮೇಲೆ ಕಂಪ್ಯೂಟರ್ ಕೊಠಡಿಗೆ ಬನ್ನಿ. ನೀವು ವಾಸವಿರುವ ಲೈನಿನ ಹೆಸರನ್ನು ಮನೆಯ ಹಿರಿಯರು ಹೇಗೆ ಹೇಳುತ್ತಾರೋ ಹಾಗೇ ಚೀಟಿಯಲ್ಲಿ ಬರೆದುಕೊಂಡು ಬನ್ನಿ. ಅವರು ತಮಿಳಿನಲ್ಲೋ ತೆಲುಗಿನಲ್ಲೋ ಹೇಳಿದರೂ ಸರಿ, ಕನ್ನಡದಲ್ಲಿ ಹೇಗೆ ಬರೆಯಬೇಕು ಅಂತ ಕೂತು ತೀರ್ಮಾನ ಮಾಡೋಣ.