ಹರೆಯದ ಮಕ್ಕಳ ಚಿಂತೆ ಮತ್ತು ಖಿನ್ನತೆ



ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳಿಂದ ಮಠಕ್ಕೆ ಬರುವ ತಾಯಿತಂದೆಗಳು ಮಕ್ಕಳ ವಿಷಯವಾಗಿ ಹೇಳುವ ಮಾತು ಬಹುಶಃ ಒಂದೇ ತೆರನಾಗಿರುವದು: “ಹುಡುಗ ಚಲೋ ಇದ್ದ, ಒಂಬತ್ತನೇತ್ತೆಗೆ ಬಂದ ಮ್ಯಾಲೆ ಮಂಕಾದ.” ಈ ಮಂಕು ಒಂದು ದಿನದಲ್ಲಿ ಕವಿಯತಕ್ಕದ್ದಲ್ಲ. ಅದು ಬೆಳೆಯುವ ಬಗೆಯೇ ಇಂದಿನ ವಿಚಾರವು.

ಹನ್ನೆರಡು ಹದಿಮೂರನೆಯ ವಯಸ್ಸಿಗೆ ದೇಹದಂತೆ ಮೆದುಳಿನಲ್ಲಿಯೂ ಮಾರ್ಪಾಡುಗಳು ತಲೆದೋರುವವು. ಭಯ, ಹಂಬಲಗಳನ್ನು ಹುಟ್ಟಿಸುವ ಭಾಗಗಳು ಮೊದಲು ಬಲಿಯುವವು. ಅವನ್ನು ತೂಗಿ ನೋಡಿ ಹಿಡಿತದಲ್ಲಿಡುವ ಮುಂಭಾಗವು ಇಪ್ಪತ್ತೈದರ ಸುಮಾರಿನವರೆಗೂ ಬಲಿಯುತ್ತಲೇ ಇರುವದು. ಆದಕಾರಣ ಹಿರಿಯರಿಗೆ ಅಲ್ಪವೆನಿಸುವ ಅಪಮಾನವು ಅವರಿಗೆ ಪರ್ವತಪ್ರಾಯವು.

ಇನ್ನು ಚಿಂತೆಯ ನಡೆಯನ್ನು ನೋಡಿರಿ. ಗಣಿತಕ್ಕೆ ಅಂಜಿದ ಬಾಲಕನು ಹೊಟ್ಟೆನೋವೆಂದು ಒಂದು ದಿನ ಶಾಲೆ ಬಿಡುವನು. ಆ ನೋವು ಸಟೆಯಲ್ಲ. ಅಂಜಿಕೆಯಿಂದ ಹೊಟ್ಟೆ ನಿಜವಾಗಿಯೂ ನೋಯುವದು. ಮನೆಯಲ್ಲುಳಿದೊಡನೆ ಹಗುರವೆನಿಸುವದು. ಈ ಹಗುರವೇ ಅನರ್ಥಕ್ಕೆ ಮೂಲ! ತಪ್ಪಿಸಿಕೊಂಡಷ್ಟೂ ಅಂಜಿಕೆ ಬಲಿತು, ಗೆಳೆಯರು ದೂರಾಗಿ, ನಿದ್ರೆ ಕೆಟ್ಟು, ಕಡೆಗೆ ತನ್ನಿಂದೇನೂ ಆಗದೆಂಬ ಖಿನ್ನತೆಗೆ ದಾರಿಯಾಗುವದು. ಖಿನ್ನತೆಯು ಈ ವಯಸ್ಸಿನಲ್ಲಿ ಅಳುವಿಗೆ ಬದಲಾಗಿ ಸಿಡುಕಾಗಿ ಬರುವದೂ ಉಂಟು. ಅದನ್ನು ಉದ್ಧಟತನವೆಂದು ಬಡಿಯುವವರೇ ಬಹಳ. ಮೈನೆರೆದ ಬಳಿಕ ಹೆಣ್ಣುಮಕ್ಕಳಲ್ಲಿ ಇದು ಗಂಡುಮಕ್ಕಳಿಗಿಂತ ಸುಮಾರು ಇಮ್ಮಡಿಯು.

ನಮ್ಮದು ತೊಗರಿಯ ಸೀಮೆ. ಮಳೆ ತಪ್ಪಿದರೆ ಸಾಲ. ತಾಯಿತಂದೆಗಳು ಪುಣೆ ಮುಂಬಯಿಗಳಿಗೆ ದುಡಿಯಹೋದರೆ ಮಕ್ಕಳು ಅಜ್ಜಿಯ ಬಳಿ. 2020ರಲ್ಲಿ ಮಹಾಮಾರಿಯಿಂದ ಶಾಲೆಗಳು ಮುಚ್ಚಿದ್ದಾಗಲೇ, ಅಕ್ಟೋಬರದಲ್ಲಿ ಭೀಮೆಗೆ ಮಹಾಪೂರವೂ ಬಂದಿತು. ಇಂಥ ಮನೆಯ ಮಗುವಿಗೆ “ನಿನಗೇನು ಚಿಂತಿ?” ಎಂದು ಕೇಳುವದು ನ್ಯಾಯವೇ?

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ ನಡೆಯಿಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ 13ರಿಂದ 17 ವಯಸ್ಸಿನವರೊಳಗೆ ನೂರಕ್ಕೆ 7ಕ್ಕಿಂತ ಹೆಚ್ಚು ಮಂದಿಗೆ ಮನೋವ್ಯಾಧಿಗಳು ಕಂಡುಬಂದವು.

ಗಾಳಿ ಸೋಂಕಿತೆಂದು ಗಾಣಗಾಪುರಕ್ಕೆ ಕರೆದೊಯ್ಯುವ ರೂಢಿಯು ನಮ್ಮಲ್ಲಿ ಹಳೆಯದು. ಹರಕೆಯನ್ನು ನಾನು ಹಳಿಯೆನು. ಆದರೆ ಹರಕೆಯ ನೆವದಿಂದ ವೈದ್ಯರನ್ನು ದೂರವಿಡುವದು ಸಲ್ಲದು. ಎರಡು ವಾರಗಳವರೆಗೆ ಮಂಕು ಬಿಡದಿದ್ದರೆ ವೈದ್ಯರಲ್ಲಿಗೆ ಹೋಗತಕ್ಕದ್ದು. 2022ರ ಅಕ್ಟೋಬರದಲ್ಲಿ ಆರಂಭವಾದ ಸರಕಾರದ ಟೆಲಿ ಮಾನಸ್, 14416ಕ್ಕೆ ದೂರವಾಣಿ ಮಾಡಿದರೆ ವೆಚ್ಚವಿಲ್ಲದೆ ಕನ್ನಡದಲ್ಲಿಯೇ ಸಲಹೆ ದೊರೆಯುವದು. ಅಂಜಿದ ಮಗುವನ್ನು ಒಮ್ಮೆಲೇ ದಬ್ಬದೆ, ಮೊದಲು ಶಾಲೆಯ ಬಾಗಿಲವರೆಗೆ, ಮರುದಿನ ಒಂದು ತಾಸು, ಹೀಗೆ ಮೆಲ್ಲನೆ ಮರಳಿಸತಕ್ಕದ್ದು.

ಸಾಯುವ ಯೋಚನೆ ಬರುವದೇ ಎಂದು ಕೇಳಿದರೆ ಇಲ್ಲದ ಯೋಚನೆ ಹುಟ್ಟೀತೆಂದು ಕೆಲವರು ಅಂಜುವರು. ಹಾಗಾಗದೆಂದು ಸಂಶೋಧನೆಗಳು ತೋರಿಸಿರುವವು. ಬಳಿಯಲ್ಲಿ ಕುಳಿತು, ಮೆಲ್ಲಗೆ, ನೇರವಾಗಿ ಕೇಳಿರಿ.